ಹಾಫ್ ಕ್ಲಚ್ ಊರಿನ ಗ್ಯಾರೇಜು

ಬೆಂಗಳೂರಿನ ಜೆ.ಸಿ. ರಸ್ತೆ ಎಂದರೆ ನಾಟಕದವರಿಗೆ ರವೀಂದ್ರ ಕಲಾಕ್ಷೇತ್ರ, ಗಾಡಿಯವರಿಗೆ ಸ್ಪೇರ್ ಪಾರ್ಟ್ಸ್. ಟೌನ್‌ಹಾಲ್ ಕಡೆಯಿಂದ ಮಿನರ್ವ ಸರ್ಕಲ್ ಕಡೆಗೆ ನಡೆಯುತ್ತಾ ಹೋದರೆ ಸೀಟ್ ಕವರು, ಹಾರ್ನು, ಬೇರಿಂಗು, ಹೆಡ್‌ಲೈಟು, ಟೈರು. ಒಂದಂಗಡಿಯ ಬೋರ್ಡು ಮುಗಿಯುವ ಮೊದಲೇ ಇನ್ನೊಂದರದ್ದು ಶುರುವಾಗಿರುತ್ತದೆ. ಕಲಾಸಿಪಾಳ್ಯದ ಕಡೆಗೆ ಒಡೆಯುವ ಅಡ್ಡರಸ್ತೆಗಳಿಗೆ ಹೊಕ್ಕರೆ ಹೊಸ ಮಾಲು ಕಮ್ಮಿಯಾಗಿ ರಿಪೇರಿ ಜಾಸ್ತಿಯಾಗುತ್ತದೆ. ಲೇತ್ ಮಷೀನಿನ ಸದ್ದು, ವೆಲ್ಡಿಂಗಿನ ಬೆಳಕು, ವರ್ಷಗಳಿಂದ ಆಯಿಲ್ ಕುಡಿದು ಕಪ್ಪಾದ ನೆಲ. ಕನ್ನಡ, ತಮಿಳು, ದಖನಿ ಉರ್ದು ಮೂರೂ ಒಂದೇ ವಾಕ್ಯದಲ್ಲಿ ಕಲಸಿಕೊಂಡು ಓಡಾಡುವ ಜಾಗ ಇದು.

ಅಂಥದ್ದೊಂದು ಅಡ್ಡರಸ್ತೆಯ ದ್ವಿಚಕ್ರ ವಾಹನದ ಗ್ಯಾರೇಜಿನಲ್ಲಿ ಒಂದು ದಿನ ಪೂರ್ತಿ ಕೂತಿದ್ದೆ. ಕ್ಲಚ್ ಬಿಚ್ಚುವುದನ್ನು ಮೊದಲಿಂದ ಕಡೇತನಕ ನೋಡಬೇಕು ಎಂದು ಮೇಸ್ತ್ರಿಯವರನ್ನು ಕೇಳಿದ್ದೆ. "ಬನ್ನಿ ಸಾರ್, ದಿನಾ ಒಂದಾದ್ರೂ ಬಂದೇ ಬರುತ್ತೆ" ಅಂದಿದ್ದರು.

ಒಳಗೆ ಎರಡು ಗಾಡಿ ನಿಲ್ಲಿಸುವಷ್ಟು ಜಾಗ, ಮಿಕ್ಕ ಕೆಲಸವೆಲ್ಲ ಫುಟ್‌ಪಾತಿನ ಮೇಲೆ. ಗೋಡೆಗೆ ಹೊಡೆದ ಹಲಗೆಯಲ್ಲಿ ಸ್ಪ್ಯಾನರುಗಳು ಅಳತೆಯ ಪ್ರಕಾರ ತೂಗುಬಿದ್ದಿವೆ. 8, 10, 12, 14, 17. ಹಳೆಯ ಸೋಪಿನ ಡಬ್ಬಿಗಳಲ್ಲಿ ನಟ್ಟು, ವಾಷರು, ಡವೆಲ್ ಪಿನ್ನು. ಕಪಾಟಿನ ಮೇಲಿನ ಅರೆಯಲ್ಲಿ ಬಟ್ಟೆ ಸುತ್ತಿಟ್ಟ ವರ್ನಿಯರ್ ಕ್ಯಾಲಿಪರ್ ಮತ್ತು ದಪ್ಪ ಗಾಜಿನ ಒಂದು ತುಂಡು. ಈ ಎರಡಕ್ಕೆ ಗ್ಯಾರೇಜಿನ ಹುಡುಗರು ಕೈ ಹಾಕುವಂತಿಲ್ಲ. ಆ ಗಾಜಿನ ತುಂಡು ಯಾಕೆ ಎಂದು ನನಗೆ ಗೊತ್ತಾಗಿದ್ದು ಮಧ್ಯಾಹ್ನದ ಮೇಲೆ.

ಹತ್ತೂವರೆಗೆ ಬಂದವನು ಗದಗಿನ ಕಡೆಯ ಹುಡುಗ. 150 ಸಿಸಿ ಗಾಡಿ, ಹಿಂದೆ ಊಟ ತಲುಪಿಸುವ ಚೌಕದ ಬ್ಯಾಗು. "ಅಣ್ಣಾ, ಫ್ಲೈಓವರ್ ಏರೂ ಮುಂದ ಎಂಜಿನ್ ಬೊಬ್ಬಿ ಹೊಡಿತೈತಿ, ಗಾಡಿ ಮಾತ್ರ ಮುಂದ ಹೋಗವಲ್ದು. ಬ್ಯಾರೆ ಕಡೆ ತೋರಿಸಿದೆ. ಫುಲ್ ಅಸೆಂಬ್ಲಿ ಹೋಗೇತಿ, ಹೊಸಾದು ಹಾಕಬೇಕ ಅಂದ್ರು." ಅಸೆಂಬ್ಲಿ ಎಂದರೆ ಬೆಲ್ಲು, ಹಬ್ಬು, ಪ್ಲೇಟು, ಸ್ಪ್ರಿಂಗು ಎಲ್ಲಾ ಸೇರಿದ್ದು. ಬರೀ ಪ್ಲೇಟಿನ ಸೆಟ್ಟಿಗೆ ಹೋಲಿಸಿದರೆ ಅದರ ಬೆಲೆ ಹಲವು ಪಟ್ಟು.

"ಬಿಚ್ಚಿ ನೋಡಿದ್ರಾ ಅವರು?"

"ಇಲ್ರೀ, ಓಡಿಸಿ ನೋಡಿ ಹೇಳಿದ್ರು."

ಮೇಸ್ತ್ರಿ ಏನೂ ಹೇಳಲಿಲ್ಲ. ಸ್ಪ್ಯಾನರನ್ನೂ ಮುಟ್ಟಲಿಲ್ಲ. ಮೊದಲು ಕ್ಲಚ್ ಲಿವರಿನ ತುದಿ ಹಿಡಿದು ಮೆಲ್ಲಗೆ ಆಡಿಸಿದರು. ಕೇಬಲ್ಲು ಬಿಗಿಯಾಗುವ ಮುಂಚೆ ಲಿವರಿನ ತುದಿ ಒಂದಷ್ಟು ಸಡಿಲವಾಗಿ ಬರಬೇಕು. ಅದಕ್ಕೆ ಇಲ್ಲಿ 'ಪ್ಲೇ' ಅನ್ನುತ್ತಾರೆ. ಇಂಥ ಗಾಡಿಗಳಿಗೆ ಅದು ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರ್. ಈ ಗಾಡಿಯಲ್ಲಿ ಪ್ಲೇ ಇರಲೇ ಇಲ್ಲ, ಮುಟ್ಟಿದ ಕೂಡಲೇ ಬಿಗಿ.

ಈ ಒಂದು ಅಳತೆಯಲ್ಲಿ ಎಷ್ಟು ಕಥೆ ಇದೆ ಎಂಬುದನ್ನು ಗಾಡಿ ಓಡಿಸುವವರು ತಿಳಿದಿರಲೇಬೇಕು. ಕೇಬಲ್ಲು ಹಳೆಯದಾಗಿ ಹಿಗ್ಗಿದರೆ ಪ್ಲೇ ಹೆಚ್ಚಾಗುತ್ತದೆ. ಒಳಗಿನ ಪ್ಲೇಟುಗಳು ಸವೆದರೆ ಪ್ಲೇ ಕಮ್ಮಿಯಾಗುತ್ತದೆ. ಹೆಚ್ಚಾದರೆ ಲಿವರ್ ಪೂರ್ತಿ ಒತ್ತಿದರೂ ಕ್ಲಚ್ ಬಿಡುವುದಿಲ್ಲ. ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಸಿಗದೆ ಕಾಲು ಒದ್ದಾಡುತ್ತದೆ, ಮೊದಲ ಗಿಯರಿಗೆ ಬೀಳುವಾಗ 'ಕಟಕ್' ಎಂದು ಗಾಡಿ ಮುಂದಕ್ಕೆ ಜಿಗಿಯುತ್ತದೆ. ಕಮ್ಮಿಯಾದರೆ ಅದಕ್ಕೆ ತಿರುಗಾಮುರುಗಾ: ಲಿವರ್ ಬಿಟ್ಟಿದ್ದರೂ ಕೇಬಲ್ಲು ಒಳಗೆ ಸ್ವಲ್ಪ ಎಳೆದುಕೊಂಡೇ ಇರುತ್ತದೆ, ಕ್ಲಚ್ ಪೂರ್ತಿ ಹಿಡಿಯುವುದೇ ಇಲ್ಲ. ಪ್ಲೇಟು ಚೆನ್ನಾಗಿದ್ದೂ ಬರೀ ಈ ಅಡ್ಜಸ್ಟ್‌ಮೆಂಟ್ ತಪ್ಪಿದ್ದರಿಂದಲೇ ಸ್ಲಿಪ್ ಆಗುವ ಗಾಡಿಗಳಿವೆ. ಅಂಥ ಗಾಡಿಗೆ ಹೊಸ ಪ್ಲೇಟು ಹಾಕಿದರೆ ಅದೂ ಕೆಲವೇ ದಿನದಲ್ಲಿ ಸುಟ್ಟುಹೋಗುತ್ತದೆ.

ಆದ್ದರಿಂದ ಮೇಸ್ತ್ರಿ ಮೊದಲು ಮಾಡಿದ್ದು ಅಡ್ಜಸ್ಟರನ್ನು ಸಡಿಲಿಸಿ ಪ್ಲೇ ಕೊಟ್ಟದ್ದು. ಆಮೇಲೆ ಗಾಡಿ ಸ್ಟಾರ್ಟ್ ಮಾಡಿ, ಮೂರನೇ ಗಿಯರಿಗೆ ಹಾಕಿ, ಮುಂದಿನ ಬ್ರೇಕು ಗಟ್ಟಿಯಾಗಿ ಹಿಡಿದು, ಸ್ವಲ್ಪವೇ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಟ್ಟರು. ಕ್ಲಚ್ ಸರಿ ಇದ್ದರೆ ಎಂಜಿನ್ ಅಲ್ಲಿಗೇ ಆಫ್ ಆಗಬೇಕು. ಆಗಲಿಲ್ಲ, ಗುರುಗುಟ್ಟುತ್ತಲೇ ಇತ್ತು. ಕೂಡಲೇ ಆಫ್ ಮಾಡಿದರು. "ಇದನ್ನ ಒಂದೇ ಸಲ ಮಾಡ್ಬೇಕು ಸಾರ್. ಪದೇ ಪದೇ ಮಾಡಿದ್ರೆ ಉಳಿದಿರೋ ಪ್ಲೇಟೂ ನಾವೇ ಸುಟ್ಟಂಗಾಗುತ್ತೆ."

ಈಗ ಒಂದು ತೀರ್ಮಾನವಾಯಿತು: ಕೇಬಲ್ಲಿನ ದೋಷವಲ್ಲ, ಬಿಚ್ಚಬೇಕು. ಬಿಚ್ಚುವ ಮುಂಚೆ ಇನ್ನೊಂದು ಪ್ರಶ್ನೆ, "ಆಯಿಲ್ ಯಾವ್ದು ಹಾಕ್ಸಿದ್ದೆ ತಮ್ಮಾ?"

ಇದು ಸುಮ್ಮನೆ ಕೇಳಿದ್ದಲ್ಲ. ಕಾರಿನಲ್ಲಿ ಕ್ಲಚ್ ಎಂಜಿನ್ ಆಯಿಲಿನಿಂದ ದೂರ, ಒಣಗಿದ ಜಾಗದಲ್ಲಿರುತ್ತದೆ. ನಮ್ಮ ಬಹುಪಾಲು ಬೈಕುಗಳಲ್ಲಿ ಎಂಜಿನ್ನು, ಗಿಯರು, ಕ್ಲಚ್ಚು ಮೂರಕ್ಕೂ ಒಂದೇ ಆಯಿಲ್. ಕ್ಲಚ್ ಪ್ಲೇಟುಗಳು ಆ ಆಯಿಲಿನಲ್ಲೇ ನೆನೆದಿರುತ್ತವೆ. ಕಾರಿಗೆಂದು ಮಾಡಿದ ಕೆಲವು ಆಯಿಲುಗಳಲ್ಲಿ ಉಜ್ಜಾಟ ಕಮ್ಮಿ ಮಾಡುವ ರಾಸಾಯನಿಕ ಸೇರಿಸಿರುತ್ತಾರೆ. ಕಾರಿನಲ್ಲಿ ಅದರಿಂದ ಪೆಟ್ರೋಲು ಉಳಿಯಬಹುದು, ಬೈಕಿನಲ್ಲಿ ಅದೇ ಜಾರಿಕೆ ಪ್ಲೇಟಿಗೆ ಅಂಟಿ ಕ್ಲಚ್ ಸ್ಲಿಪ್ ಆಗಬಹುದು. ಈ ಕಾರಣಕ್ಕೇ ಜಪಾನಿನವರು 'ಜಾಸೋ' ಎಂಬ ಗುಣಮಟ್ಟ ಮಾಡಿಟ್ಟಿದ್ದಾರೆ. ಡಬ್ಬಿಯ ಹಿಂಬದಿಯಲ್ಲಿ 'ಜಾಸೋ ಎಂಎ' ಅಥವಾ 'ಎಂಎ2' ಎಂದಿದ್ದರೆ ಅದು ಆಯಿಲಿನಲ್ಲಿ ಮುಳುಗಿದ ಕ್ಲಚ್ಚಿಗೆ ಹೊಂದುವ ಆಯಿಲ್. 'ಎಂಬಿ' ಎಂದಿದ್ದರೆ ಗಿಯರಿಲ್ಲದ ಸ್ಕೂಟರಿನಂಥ ಗಾಡಿಗಳಿಗೆ. ಇಷ್ಟು ಚಿಕ್ಕ ಅಕ್ಷರವನ್ನು ಓದಿ ಆಯಿಲ್ ಕೊಳ್ಳುವವರು ತೀರಾ ಕಮ್ಮಿ, ಆದರೆ ಸಾವಿರಾರು ರೂಪಾಯಿ ಉಳಿಸುವ ಅಕ್ಷರಗಳು ಅವು.

ಹುಡುಗ ಲೂಸ್ ಆಯಿಲ್ ಹಾಕಿಸಿದ್ದ. ಯಾವುದು ಎಂದು ಅವನಿಗೂ ಗೊತ್ತಿರಲಿಲ್ಲ.

ಡ್ರೈನ್ ಬೋಲ್ಟು ಬಿಚ್ಚಿ ಆಯಿಲ್ ಇಳಿಸಿದರು. ತಟ್ಟೆಗೆ ಬಿದ್ದ ಆಯಿಲ್ ಕಪ್ಪಗಿತ್ತು, ಸುಟ್ಟ ವಾಸನೆ. ಆಮೇಲೆ ಕಿಕ್ಕರ್, ಬಲಗಡೆಯ ಫುಟ್‌ರೆಸ್ಟು, ಕ್ಲಚ್ ಕೇಬಲ್ಲು. ಕವರಿನ ಬೋಲ್ಟುಗಳನ್ನು 8ರ ಟಿ-ಸ್ಪ್ಯಾನರಿನಲ್ಲಿ ಗ್ಯಾರೇಜಿನ ಹುಡುಗನೊಬ್ಬ ಬಿಚ್ಚುತ್ತಾ ಹೋದ. ರಟ್ಟಿನ ತುಂಡೊಂದರ ಮೇಲೆ ಕವರಿನ ಆಕಾರ ಗೀಚಿ, ಯಾವ ಬೋಲ್ಟು ಎಲ್ಲಿಂದ ಬಂತೋ ರಟ್ಟಿನಲ್ಲಿ ಅದೇ ಜಾಗಕ್ಕೆ ಚುಚ್ಚಿಟ್ಟ. ಬೋಲ್ಟುಗಳು ನೋಡಲು ಒಂದೇ ಥರ, ಉದ್ದ ಮಾತ್ರ ಬೇರೆ ಬೇರೆ. ಉದ್ದದ್ದು ಗಿಡ್ಡದರ ಜಾಗಕ್ಕೆ ಹೋದರೆ ಅಲ್ಯೂಮಿನಿಯಂ ಒಡೆಯುತ್ತದೆ, ಗಿಡ್ಡದ್ದು ಉದ್ದದ ಜಾಗಕ್ಕೆ ಹೋದರೆ ಒಂದೆರಡೇ ಸುತ್ತು ಹಿಡಿದು ಥ್ರೆಡ್ಡೇ ಕಿತ್ತು ಬರುತ್ತದೆ. ಕವರು ಅಂಟಿಕೊಂಡಿತ್ತು. ಸ್ಕ್ರೂಡ್ರೈವರ್ ತೂರಿಸಿ ಮೀಟಲು ಹೋದ ಹುಡುಗನ ಕೈಯನ್ನು ಮೇಸ್ತ್ರಿ ತಡೆದರು. ಮರದ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿದಾಗ ತಾನಾಗಿ ಬಿಟ್ಟುಕೊಂಡಿತು. ಕವರಿನ ಅಂಚಿನಲ್ಲಿ ಸ್ಕ್ರೂಡ್ರೈವರಿನ ಒಂದು ಗೀರು ಬಿದ್ದರೆ ಸಾಕು, ಎಂಥ ಹೊಸ ಪ್ಯಾಕಿಂಗ್ ಹಾಕಿದರೂ ಅಲ್ಲಿಂದ ಆಯಿಲ್ ಜಿನುಗುತ್ತದೆ.

ಕವರು ಬಂದ ಮೇಲೆ ಗಾಡಿಯ ಹೊಟ್ಟೆ ಕಂಡಿತು. ಆಯಿಲಿನಲ್ಲಿ ಮಿಂದ ದೊಡ್ಡದೊಂದು ಅಲ್ಯೂಮಿನಿಯಂ ಬೆಲ್ಲು, ಅದರ ಮುಖದ ಮೇಲೆ ನಾಲ್ಕು ಬೋಲ್ಟು, ಬೋಲ್ಟುಗಳ ಹಿಂದೆ ನಾಲ್ಕು ಸ್ಪ್ರಿಂಗು. ಗಾಡಿಯ ಹುಡುಗ ತನ್ನ ಗಾಡಿಯ ಒಳಗನ್ನು ನೋಡುತ್ತಿದ್ದುದು ಇದೇ ಮೊದಲು. ಬಗ್ಗಿ ಕೂತ.

ಮೇಸ್ತ್ರಿ ಅವನಿಗೆ ವಿವರಿಸಿದ ರೀತಿ ನನಗೆ ತುಂಬ ಇಷ್ಟವಾಯಿತು. ಎರಡೂ ಅಂಗೈ ಜೋಡಿಸಿ ಗಟ್ಟಿಯಾಗಿ ಒತ್ತಿ ಹಿಡಿದರು. "ಈಗ ಒಂದು ಕೈ ತಿರುಗಿಸಿದ್ರೆ ಇನ್ನೊಂದೂ ತಿರುಗುತ್ತೆ. ಇದು ಗಾಡಿ ಓಡೋವಾಗ." ಒತ್ತುವುದನ್ನು ಸಡಿಲಿಸಿದರು. "ಈಗ ಒಂದು ಕೈ ತಿರುಗಿದ್ರೂ ಇನ್ನೊಂದು ಸುಮ್ನೆ ನಿಂತಿರುತ್ತೆ. ಇದು ಲಿವರ್ ಒತ್ತಿದಾಗ. ಇವೆರಡರ ಮಧ್ಯೆ, ಅರ್ಧ ಒತ್ತಿ ಅರ್ಧ ಬಿಟ್ಟಾಗ ಏನಾಗುತ್ತೆ?" ಅಂಗೈಗಳನ್ನು ಪರಪರ ಉಜ್ಜಿ ಹುಡುಗನ ಕೆನ್ನೆಗೆ ತಾಗಿಸಿದರು. ಬಿಸಿ.

ಆ ಅಂಗೈಗಳ ಜಾಗದಲ್ಲಿ ಎಂಜಿನ್ನಿನೊಳಗೆ ಇರುವುದು ಪ್ಲೇಟುಗಳ ಕಟ್ಟು. ಹೊರಗಿನ ಬೆಲ್ಲನ್ನು ತಿರುಗಿಸುವುದು ಎಂಜಿನ್ನು. ಒಳಗಿನ ಹಬ್ಬು ಕೂತಿರುವುದು ಗಿಯರ್ ಬಾಕ್ಸಿನ ಶಾಫ್ಟಿನ ಮೇಲೆ. ಉಜ್ಜುಪದರ ಅಂಟಿಸಿದ ಕ್ಲಚ್ ಪ್ಲೇಟುಗಳ ಕಿವಿಗಳು ಬೆಲ್ಲಿನ ಸೀಳುಗಳಲ್ಲಿ ಕೂರುತ್ತವೆ, ಅವು ಎಂಜಿನ್ನಿನ ಜೊತೆ. ನಡುನಡುವೆ ಬರುವ ಸ್ಟೀಲ್ ಪ್ಲೇಟುಗಳ ಹಲ್ಲುಗಳು ಹಬ್ಬಿಗೆ ಕಚ್ಚುತ್ತವೆ, ಅವು ಗಿಯರಿನ ಜೊತೆ. ಈ ಗಾಡಿಯಲ್ಲಿ ಕ್ಲಚ್ ಪ್ಲೇಟು 5, ಸ್ಟೀಲ್ ಪ್ಲೇಟು 4. ಪ್ರತಿ ಕ್ಲಚ್ ಪ್ಲೇಟಿಗೂ ಎರಡು ಮುಖ, ಹಾಗಾಗಿ ಹಿಡಿತ ಸಿಗುವ ಮುಖಗಳು 10. ಒಂದೇ ದೊಡ್ಡ ಪ್ಲೇಟಿನಿಂದ ಇಷ್ಟು ಹಿಡಿತ ಬೇಕೆಂದರೆ ಎಂಜಿನ್ನು ಎರಡೂ ಕಡೆ ಉಬ್ಬಿಕೊಂಡಿರಬೇಕಾಗುತ್ತಿತ್ತು. ಅಂಗೈಯಗಲದ ಜಾಗದಲ್ಲಿ ಹತ್ತು ಮುಖ ಜೋಡಿಸಿ ಕೆಲಸ ಮುಗಿಸಿದ ಜಾಣ್ಮೆ ಎಷ್ಟು ಸಲ ನೋಡಿದರೂ ನನಗೆ ಹಳತಾಗುವುದಿಲ್ಲ.

ನಾಲ್ಕು ಸ್ಪ್ರಿಂಗ್ ಬೋಲ್ಟುಗಳನ್ನು ಒಂದೇ ಸಲಕ್ಕೆ ಬಿಚ್ಚುವಂತಿಲ್ಲ. ಎದುರುಬದುರಾಗಿ, ಒಂದೊಂದೇ ಸುತ್ತು. ಕೆಲವು ಗಾಡಿಗಳಲ್ಲಿ ಇಷ್ಟಾದರೆ ಪ್ಲೇಟುಗಳು ಕೈಗೇ ಬರುತ್ತವೆ. ಇಲ್ಲಿ ಪ್ಲೇಟುಗಳ ಕಟ್ಟನ್ನು ಒತ್ತಿಹಿಡಿಯುವ ಪ್ರೆಷರ್ ಪ್ಲೇಟು ಒಳಗಡೆ ಇರುವುದರಿಂದ ನಡುವಿನ ಲಾಕ್ ನಟ್ಟು ಬಿಚ್ಚಲೇಬೇಕು. ಅದು ಮಾಮೂಲಿ ಆರು ಮೂಲೆಯ ನಟ್ಟಲ್ಲ, ಅದಕ್ಕೆ ನಾಲ್ಕು ಹಲ್ಲಿನ ಬೇರೆಯದೇ ಸಾಕೆಟ್ಟು. ಸಾಕೆಟ್ಟು ತಿರುಗಿಸಿದರೆ ಇಡೀ ಹಬ್ಬೂ ತಿರುಗುತ್ತದೆ. ಇಂಥ ಕಡೆ ಅವಸರದವರು ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ನಟ್ಟು ಬಿಡಿಸುತ್ತಾರೆ. ನಟ್ಟಿನ ಅಂಚು ಹರಿದುಹೋಗಿ, ಒಳಗಿನ ಬೇರಿಂಗಿಗೂ ಪೆಟ್ಟಾಗುತ್ತದೆ. ಈ ಗ್ಯಾರೇಜಿನಲ್ಲಿ ಅದಕ್ಕೆಂದೇ ಮಾಡಿಸಿದ ಒಂದು ಸಾಮಾನಿದೆ. ದಪ್ಪ ಕಬ್ಬಿಣದ ಪಟ್ಟಿ, ಒಂದು ತುದಿಯಲ್ಲಿ ಸ್ಪ್ರಿಂಗ್ ಬೋಲ್ಟುಗಳ ಅಳತೆಗೆ ಕೊರೆದ ನಾಲ್ಕು ತೂತು, ನಡುವೆ ಸಾಕೆಟ್ಟು ಹೋಗುವಷ್ಟು ದೊಡ್ಡ ತೂತು, ಇನ್ನೊಂದು ತುದಿ ಕೈಹಿಡಿ. ನಾಲ್ಕು ಮನೆ ಆಚೆಯ ಲೇತಿನವನು ಮಾಡಿಕೊಟ್ಟದ್ದು. ಅದನ್ನು ಬೋಲ್ಟು ಹಾಕಿ ಕೂರಿಸಿ ಗ್ಯಾರೇಜಿನ ಹುಡುಗ ಹಿಡಿದುಕೊಂಡ, ಮೇಸ್ತ್ರಿ ಸಾಕೆಟ್ಟು ತಿರುಗಿಸಿದರು, ನಟ್ಟು ಸದ್ದಿಲ್ಲದೆ ಬಂತು. ಈ ರಸ್ತೆಯಲ್ಲಿ ಗ್ಯಾರೇಜಿಗೆ ಲೇತು, ಲೇತಿಗೆ ವೆಲ್ಡಿಂಗಿನವನು, ವೆಲ್ಡಿಂಗಿನವನಿಗೆ ಹಳೇ ಕಬ್ಬಿಣದವನು ಕೂಗಿದರೆ ಕೇಳುವಷ್ಟು ದೂರದಲ್ಲಿದ್ದಾರೆ. ಊರ ಹೊರಗೆ ಜಾಗ ಕೊಟ್ಟು ಇವರನ್ನೆಲ್ಲ ಸಾಗಿಸಬೇಕು ಎನ್ನುವ ಮಾತು ಕೇಳಿದಾಗ ನನಗೆ ಈ ಕಬ್ಬಿಣದ ಪಟ್ಟಿ ನೆನಪಾಗುತ್ತದೆ. ಒಬ್ಬೊಬ್ಬರನ್ನೇ ಬೇರೆ ಬೇರೆ ಕಡೆ ಕೂರಿಸಿದರೆ ಇಂಥ ಸಾಮಾನು ಹುಟ್ಟುವುದಿಲ್ಲ.

ಪ್ಲೇಟುಗಳು ಈಚೆ ಬಂದವು. ಡೀಸೆಲಿನಲ್ಲಿ ತೊಳೆದು, ಬಂದ ಕ್ರಮದಲ್ಲೇ ಹಳೇ ಪೇಪರಿನ ಮೇಲೆ ಸಾಲಾಗಿ ಇಟ್ಟರು. ನನ್ನ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಂಡವು. ಕಪ್ಪಗಿದ್ದವು ನಿಜ, ಒಡೆದಿರಲಿಲ್ಲ. ಕಣ್ಣಿಗೆ ಗೊತ್ತಾಗದು ಎನ್ನುವುದಕ್ಕೇ ವರ್ನಿಯರ್ ಇರುವುದು. ಮೇಸ್ತ್ರಿ ಅಂಗಡಿಯಲ್ಲಿದ್ದ ಇದೇ ಗಾಡಿಯ ಒಂದು ಹೊಸ ಪ್ಲೇಟು ಅಳೆದರು: 2.95 ಮಿ.ಮೀ. ಹಳೆಯವು 2.55, 2.5, 2.45... ಒಂದೊಂದು ಪ್ಲೇಟನ್ನೂ ಸುತ್ತಲೂ ಮೂರ್ನಾಲ್ಕು ಕಡೆ ಅಳೆದು, ಸಿಕ್ಕಿದ್ದರಲ್ಲಿ ತೆಳ್ಳಗಿನದನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದರು. ಎಷ್ಟರವರೆಗೆ ಸವೆಯಬಹುದು ಎಂಬುದು ಒಂದೊಂದು ಗಾಡಿಗೆ ಒಂದೊಂದು, ಕಂಪನಿಯ ಸರ್ವೀಸ್ ಪುಸ್ತಕದಲ್ಲಿರುತ್ತದೆ. ಈ ಗಾಡಿಗೆ ಮೇಸ್ತ್ರಿ ಇಟ್ಟುಕೊಂಡಿರುವ ಗೆರೆ 2.6. ಐದೂ ಅದರ ಕೆಳಗೆ.

"ಅರ್ಧ ಮಿಲಿಮೀಟರೂ ಇಲ್ಲಲ್ರೀ ಫರಕು, ಅಷ್ಟಕ್ಕ ಗಾಡಿ ನಿಂತು ಬಿಡ್ತೈತೇನು?" ಎಂದ ಗದಗಿನ ಹುಡುಗ. ಒಳ್ಳೆಯ ಪ್ರಶ್ನೆ. ಒಂದು ಪ್ಲೇಟಿಗೆ ಅರ್ಧ ಮಿಲಿಮೀಟರ್ ಹತ್ತಿರ, ಐದಕ್ಕೆ ಸೇರಿ 2 ಮಿಲಿಮೀಟರಿಗೂ ಮೇಲೆ. ಪ್ಲೇಟುಗಳ ಕಟ್ಟು ಅಷ್ಟು ತೆಳ್ಳಗಾದರೆ ಅದನ್ನು ಒತ್ತಿಹಿಡಿದಿರುವ ಸ್ಪ್ರಿಂಗುಗಳಿಗೆ ಅಷ್ಟು ಹಿಗ್ಗಲು ಜಾಗ ಸಿಗುತ್ತದೆ. ಹಿಗ್ಗಿದ ಸ್ಪ್ರಿಂಗು ಮೊದಲಿನ ಹಾಗೆ ಒತ್ತುವುದಿಲ್ಲ. ಒತ್ತಡ ಕಮ್ಮಿಯಾದರೆ ಜಾರಿಕೆ, ಜಾರಿದರೆ ಬಿಸಿ, ಬಿಸಿಯಾದರೆ ಇನ್ನಷ್ಟು ಸವೆತ. ನಿಧಾನವಾಗಿ ಶುರುವಾದ ಸವೆತ ಕಡೆಗೆ ಒಂದೇ ವಾರದಲ್ಲಿ ಗಾಡಿಯನ್ನು ನಿಲ್ಲಿಸಿಬಿಡುವುದು ಹೀಗೆ.

ಆ ಗಾಜಿನ ತುಂಡು ಕೆಳಗಿಳಿದದ್ದು ಈಗ. ಒಳ್ಳೆಯ ದಪ್ಪ ಗಾಜಿನಷ್ಟು ಮಟ್ಟಸವಾದ ವಸ್ತು ಗ್ಯಾರೇಜಿನಲ್ಲಿ ಬೇರೊಂದು ಸಿಗುವುದಿಲ್ಲ. ಸ್ಟೀಲ್ ಪ್ಲೇಟನ್ನು ಅದರ ಮೇಲೆ ಮಲಗಿಸಿ ಅಂಚಿನ ಕೆಳಗೆ, ಸಂದಿ ಅಳೆಯುವ ಫೀಲರ್ ಗೇಜಿನ ಎಲೆ ತೂರಿಸಿದರು. 0.20 ಮಿ.ಮೀ. ದಪ್ಪದ ಎಲೆ ಒಂದು ಪ್ಲೇಟಿನಡಿ ಸಲೀಸಾಗಿ ಒಳಗೆ ಹೋಯಿತು. ಆ ಪ್ಲೇಟು ಸೊಟ್ಟಗಾಗಿದೆ ಎಂದರ್ಥ. ಬೆಳಕಿಗೆ ಹಿಡಿದರೆ ಇನ್ನೆರಡರ ಮೇಲೆ ನೀಲಿ ಬಣ್ಣದ ಮಚ್ಚೆ. ಉಕ್ಕು ಮಿತಿಮೀರಿ ಕಾದ ಗುರುತು ಅದು. ಹೊಸ ಕ್ಲಚ್ ಪ್ಲೇಟು ಹಾಕಿ ಸುಟ್ಟ ಸ್ಟೀಲ್ ಪ್ಲೇಟುಗಳನ್ನೇ ಉಳಿಸಿದರೆ ಕ್ಲಚ್ ಬಿಡುವಾಗ ಗಾಡಿ ನಡುಗುತ್ತದೆ, ಹೊಸದೂ ಬೇಗ ಹಾಳಾಗುತ್ತದೆ. ಸ್ಪ್ರಿಂಗುಗಳನ್ನು ಹೊಸದೊಂದರ ಪಕ್ಕ ನಿಲ್ಲಿಸಿದರು, ನಾಲ್ಕೂ ಒಂದು ಚೂರು ಗಿಡ್ಡ.

ಇನ್ನುಳಿದದ್ದು ದುಬಾರಿ ಭಾಗ, ಬೆಲ್ಲು. ಅದರ ಬೆರಳುಗಳ ಒಳಅಂಚಿಗೆ ಉಗುರು ಎಳೆದು ನೋಡಲು ನನಗೂ ಹೇಳಿದರು. ಅಲ್ಲಲ್ಲಿ ಉಗುರು ತಡೆಯಿತು. ಪ್ಲೇಟಿನ ಕಿವಿಗಳು ಬಡಿದು ಬಡಿದು ಬಿದ್ದ ಸಣ್ಣ ಕಚ್ಚುಗಳು ಅವು. ಕಚ್ಚು ಆಳವಾದರೆ ಪ್ಲೇಟಿನ ಕಿವಿ ಅದರಲ್ಲಿ ಸಿಕ್ಕಿಕೊಂಡು ಕ್ಲಚ್ ಸಲೀಸಾಗಿ ಬಿಡುವುದಿಲ್ಲ, ಆಗ ಬೆಲ್ಲು ಬದಲಾಯಿಸಲೇಬೇಕು. ಇಲ್ಲಿ ಮೇಲುಮೇಲೆ ಇದ್ದವು. ನಯವಾದ ಅರದಲ್ಲಿ ಎರಡೆರಡು ಸಲ ಎಳೆದರು, ಅಷ್ಟೇ. ಬೆಲ್ಲನ್ನು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರು, ಆಟ ಇರಲಿಲ್ಲ. ಹಬ್ಬು ಸರಿ. ಪ್ರೆಷರ್ ಪ್ಲೇಟು ಸರಿ.

ಅಂದರೆ ಬೇಕಾದದ್ದು ಕ್ಲಚ್ ಪ್ಲೇಟಿನ ಸೆಟ್ಟು, ಸ್ಟೀಲ್ ಪ್ಲೇಟು, ಸ್ಪ್ರಿಂಗು, ಪ್ಯಾಕಿಂಗು, ಆಯಿಲ್. ಅಸೆಂಬ್ಲಿ ಅಲ್ಲ. ದಿನಗೂಲಿಯಂತೆ ಗಾಡಿ ಓಡಿಸಿ ಊರಿಗೆ ದುಡ್ಡು ಕಳಿಸುವವನಿಗೆ ಈ ಎರಡರ ನಡುವಿನ ಅಂತರ ದೊಡ್ಡದು. ಬಿಚ್ಚದೆ, ಅಳೆಯದೆ ಅಸೆಂಬ್ಲಿ ಹೇಳುವುದು ಮೆಕ್ಯಾನಿಕ್ಕಿಗೆ ಸುಲಭ. ಕೆಲಸ ಬೇಗ ಮುಗಿಯುತ್ತದೆ, ಗಾಡಿ ವಾಪಸ್ ಬರುವ ಭಯವೂ ಇಲ್ಲ. ಆದರೆ ಯಾವ ಭಾಗ ಹೋಗಿದೆ, ಯಾವುದು ಇನ್ನೂ ಬಾಳುತ್ತದೆ ಎಂದು ಬೇರ್ಪಡಿಸಿ ಹೇಳುವುದೇ ಈ ಕಸುಬು. ಆ ತಿಳಿವಳಿಕೆ ಇಲ್ಲದಿದ್ದರೆ ಸ್ಪ್ಯಾನರ್ ಹಿಡಿದವರೆಲ್ಲ ಬರೀ ಸಾಮಾನು ಮಾರುವವರಾಗುತ್ತಾರೆ.

ಸಾಮಾನು ತರಲು ಹುಡುಗರ ಜೊತೆ ನಾನೂ ಜೆ.ಸಿ. ರಸ್ತೆಗೆ ನಡೆದೆ. ಕೌಂಟರಿನ ಮುಂದೆ ಮೂರು ಸಾಲು ಜನ, ಎಲ್ಲರ ಕೈಯಲ್ಲೂ ಹಳೇ ಪಾರ್ಟು. ಹೆಸರು ಹೇಳುವುದಕ್ಕಿಂತ ಹಳೆಯದನ್ನು ತೋರಿಸುವುದು ಇಲ್ಲಿ ನಂಬಿಕೆಯ ದಾರಿ, ಯಾಕೆಂದರೆ ಒಂದೇ ಗಾಡಿಯ ಹೆಸರಿನಲ್ಲಿ ವರ್ಷಕ್ಕೊಂದು ಬದಲಾವಣೆ ಆಗಿರುತ್ತದೆ. "ಕಂಪನಿದಾ, ಲೋಕಲ್ಲಾ?" ಎಂಬುದು ಮೊದಲ ಪ್ರಶ್ನೆ. ಲೋಕಲ್ ಎಂದರೆ ಬೇರೆ ತಯಾರಕರ ಮಾಲು. ಅದರಲ್ಲೂ ಒಳ್ಳೆಯದಿದೆ, ಅದು ಮೋಸವಲ್ಲ. ಮೋಸವೆಂದರೆ ಕಂಪನಿಯ ಡಬ್ಬಿಯನ್ನೇ ಹೋಲುವ ಡಬ್ಬಿಯಲ್ಲಿ ಬರುವ ಡೂಪ್ಲಿಕೇಟು. ಗ್ಯಾರೇಜಿನ ಹುಡುಗ ಡಬ್ಬಿಯನ್ನು ನೋಡಲೇ ಇಲ್ಲ, ಪ್ಲೇಟು ಹೊರತೆಗೆದು ನೋಡಿದ. ಉಜ್ಜುಪದರದ ತುಂಡುಗಳು ಸಮನಾಗಿ ಕೂತಿವೆಯೇ, ಅಂಟು ಅಂಚಿನಿಂದ ಉಕ್ಕಿದೆಯೇ, ಕಿವಿಗಳ ಅಂಚು ನುಣುಪಾಗಿದೆಯೇ. ಐದನ್ನೂ ಒಟ್ಟಿ ಕಣ್ಣಿನ ಮಟ್ಟಕ್ಕೆ ಹಿಡಿದ. ಎಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ಆ ಹುಡುಗನಿಗೆ ಯಾವ ಸರ್ಟಿಫಿಕೇಟೂ ಇಲ್ಲ. ಇರಬೇಕು. ಕೈಯಲ್ಲಿರುವ ಈ ವಿದ್ಯೆಯನ್ನು ಅಳೆದು ಕಾಗದ ಕೊಡುವ ವ್ಯವಸ್ಥೆ ಈ ಬೀದಿಯವರೆಗೂ ಬರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ವಾಪಸ್ ಬರುವಷ್ಟರಲ್ಲಿ ಮೇಸ್ತ್ರಿ ಆಯಿಲ್ ಜಾಲರಿ ತೆಗೆದು ತೊಳೆಯುತ್ತಿದ್ದರು. ಸವೆದುಹೋದ ಅರ್ಧ ಅರ್ಧ ಮಿಲಿಮೀಟರೆಲ್ಲ ಅಲ್ಲಿ ಕೂತಿತ್ತು, ಕಪ್ಪು ಕೆಸರು, ಬೆರಳಲ್ಲಿ ಉಜ್ಜಿದರೆ ಸಣ್ಣ ನಾರು ನಾರು. ಕ್ಲಚ್ ಬದಲಾಯಿಸಿ ಜಾಲರಿ ತೊಳೆಯದೆ ಬಿಟ್ಟರೆ ಈ ಕೆಸರು ಆಯಿಲಿನ ದಾರಿ ಕಟ್ಟುತ್ತದೆ. ಆಗ ಪೆಟ್ಟು ಬೀಳುವುದು ಕ್ಲಚ್ಚಿಗಲ್ಲ, ಎಂಜಿನ್ನಿಗೇ.

ಹೊಸ ಪ್ಲೇಟುಗಳನ್ನು ಒಣಗಿದ್ದ ಹಾಗೇ ಹಾಕಬಾರದು. ತಟ್ಟೆಯಲ್ಲಿ ಹೊಸ ಆಯಿಲ್ ಸುರಿದು ಅದರಲ್ಲಿ ನೆನೆಹಾಕಿದರು. ಆ ಹೊತ್ತಿನಲ್ಲಿ ಟೀ ಬಂತು, ಮೂಲೆಯಲ್ಲಿ ನಿಂತಿದ್ದ ಹಳೆಯ ಯೆಜ್ಡಿಯ ಕಡೆ ಮಾತು ತಿರುಗಿತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳು ನಮ್ಮ ರಾಜ್ಯದ ಮೆಕ್ಯಾನಿಕ್ಕುಗಳ ಎರಡು ತಲೆಮಾರಿಗೆ ಪಾಠಶಾಲೆ. ಅವುಗಳಲ್ಲಿ ಕ್ಲಚ್ ಇರುವುದು ಎಡಗಡೆ. ಕಿಕ್ಕರೂ ಗಿಯರ್ ಲಿವರೂ ಒಂದೇ. ಹಳೆಯ ಮಾದರಿಗಳಲ್ಲಿ ಇನ್ನೊಂದು ಸೊಗಸು: ಗಿಯರ್ ಲಿವರನ್ನು ಕಾಲಲ್ಲಿ ಒತ್ತಿದಾಗ ಅದೇ ಕ್ಲಚ್ಚನ್ನೂ ಬಿಡಿಸುತ್ತದೆ. ಓಡುತ್ತಿರುವಾಗ ಕೈಯ ಕ್ಲಚ್ ಮುಟ್ಟದೆಯೇ ಗಿಯರ್ ಬದಲಾಯಿಸಬಹುದು. "ಅದರ ಅಡ್ಜಸ್ಟ್‌ಮೆಂಟ್ ಗೊತ್ತಿರೋರು ಈಗ ಕಮ್ಮಿ ಸಾರ್. ನನ್ನ ಮೇಸ್ತ್ರಿ ಕೇಳಿಸ್ಕೊಂಡೇ ಹೇಳ್ತಿದ್ರು, ಯಾವ ಕಡೆ ಎಷ್ಟು ತಿರುಗಿಸ್ಬೇಕು ಅಂತ." ಆ ಯೆಜ್ಡಿಯ ಮುಂದೆ ನಿಂತು ಅವರು ಮಾತಾಡಿದಷ್ಟು ಹೊತ್ತು ಬೇರೆ ಯಾವ ಗಾಡಿಯ ಮುಂದೆಯೂ ಮಾತಾಡಲಿಲ್ಲ.

ಜೋಡಿಸುವ ಕೆಲಸ ಬಿಚ್ಚಿದ್ದಕ್ಕಿಂತ ಬೇಗ ಆಯಿತು. ಒಂದು ಕ್ಲಚ್ ಪ್ಲೇಟು, ಒಂದು ಸ್ಟೀಲ್ ಪ್ಲೇಟು, ಹೀಗೆ ಶುರುವಲ್ಲೂ ಕೊನೆಯಲ್ಲೂ ಕ್ಲಚ್ ಪ್ಲೇಟೇ. ಲಾಕ್ ನಟ್ಟು. ಸ್ಪ್ರಿಂಗ್ ಬೋಲ್ಟುಗಳು ಮತ್ತೆ ಎದುರುಬದುರಾಗಿ. ಇಲ್ಲಿ ಮಾತ್ರ ಮೇಸ್ತ್ರಿ ಸ್ಪ್ಯಾನರನ್ನು ಹುಡುಗನ ಕೈಯಿಂದ ತೆಗೆದುಕೊಂಡರು. ಬೋಲ್ಟು ಕೂರುವ ಕಂಬಗಳು ಅಲ್ಯೂಮಿನಿಯಮ್ಮಿನವು. ಬಲ ಇದೆ ಎಂದು ತಿರುಗಿಸಿದರೆ ಕಂಬ ಮುರಿದು, ಉಳಿಸಿದ್ದ ದುಡ್ಡೆಲ್ಲ ಅಲ್ಲೇ ಹೋಗುತ್ತದೆ. ಹಳೇ ಪ್ಯಾಕಿಂಗಿನ ಚೂರುಗಳನ್ನು ಬ್ಲೇಡಿನಲ್ಲಿ ಮಲಗಿಸಿ ಕೆರೆದು, ಡವೆಲ್ ಪಿನ್ನುಗಳು ತಮ್ಮ ಜಾಗದಲ್ಲಿವೆಯೇ ನೋಡಿ, ಹೊಸ ಪ್ಯಾಕಿಂಗ್ ಇಟ್ಟು ಕವರು ಮುಚ್ಚಿದರು. ರಟ್ಟಿನಿಂದ ಬೋಲ್ಟುಗಳು ಒಂದೊಂದಾಗಿ ವಾಪಸ್ ಬಂದವು. ಆಯಿಲ್ ಸುಮಾರು ಒಂದು ಲೀಟರ್. ಈ ಸಲ ಗದಗಿನ ಹುಡುಗ ತಾನೇ ಡಬ್ಬಿ ತಿರುಗಿಸಿ ಆ ಎರಡು ಅಕ್ಷರ ಹುಡುಕಿದ.

"ನಾ ಏನ್ ತಪ್ಪ್ ಮಾಡೀನ್ರಿ ಅಣ್ಣಾ?" ಎಂದು ಕೇಳಿದ ಅವನು.

ಮೇಸ್ತ್ರಿ ಅವನ ಎಡಗೈ ತೋರಿಸಿದರು. ನಿಂತ ಗಾಡಿಯ ಮೇಲೆ ಸುಮ್ಮನೆ ಕೂತಿದ್ದಾಗಲೂ ಅವನ ಎರಡು ಬೆರಳು ಲಿವರಿನ ಮೇಲಿದ್ದವು. ಓಡಿಸುವಾಗ ಬೆರಳಿನ ಆ ಸಣ್ಣ ಭಾರವೂ ಪ್ಲೇ ತಿಂದು ಕ್ಲಚ್ಚನ್ನು ಅರ್ಧ ಬಿಡಿಸಿಟ್ಟಿರುತ್ತದೆ. ಅದನ್ನು ಬಿಡಬೇಕು. ಸಿಗ್ನಲ್ಲಿನಲ್ಲಿ ಮೊದಲ ಗಿಯರಿನಲ್ಲಿ ಲಿವರ್ ಹಿಡಿದು ಕಾಯದೆ ನ್ಯೂಟ್ರಲ್ ಮಾಡಬೇಕು. ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಮತ್ತು ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ತಡೆದು ನಿಲ್ಲಿಸದೆ ಬ್ರೇಕು ಹಿಡಿಯಬೇಕು.

ಆದರೆ ಎಲ್ಲವನ್ನೂ ಅವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಇಂಥ ಗಾಡಿ ಮೊದಲ ಗಿಯರಿನಲ್ಲಿ ಆಕ್ಸಿಲರೇಟರ್ ಕೊಡದೆ, ಕ್ಲಚ್ ಪೂರ್ತಿ ಬಿಟ್ಟು ಓಡುವ ವೇಗ ಸುಮಾರು ಗಂಟೆಗೆ ಐದಾರು ಕಿಲೋಮೀಟರ್, ಮನುಷ್ಯ ಬಿರುಸಾಗಿ ನಡೆಯುವಷ್ಟು. ಮುಂದಿನ ಗಾಡಿಗಳ ಸಾಲು ಅದಕ್ಕಿಂತಲೂ ನಿಧಾನವಾಗಿ ತೆವಳಿದರೆ ಕ್ಲಚ್ಚನ್ನು ಜಾರಿಸದೆ ಬೇರೆ ದಾರಿಯೇ ಇಲ್ಲ. ಸಿಲ್ಕ್ ಬೋರ್ಡಿನಲ್ಲೋ ಕೆ.ಆರ್. ಮಾರ್ಕೆಟ್ಟಿನಲ್ಲೋ ಸಂಜೆ ಏಳರ ಹೊತ್ತಿಗೆ ಸಿಕ್ಕಿಕೊಂಡವರು ಎಷ್ಟೇ ಜಾಣರಾದರೂ ಹಾಫ್ ಕ್ಲಚ್ ಹಿಡಿಯಲೇಬೇಕು. ಹೆದ್ದಾರಿಯಲ್ಲಿ ಹೋಗಿಬರುವ ಗಾಡಿಯಲ್ಲಿ ವರ್ಷಗಟ್ಟಲೆ ಬಾಳುವ ಪ್ಲೇಟು ಬೆಂಗಳೂರಿನ ಡೆಲಿವರಿ ಹುಡುಗನ ಗಾಡಿಯಲ್ಲಿ ಬೇಗ ಮುಗಿಯುವುದಕ್ಕೆ ಈ ಊರಿನ ರಸ್ತೆಗಳೂ ಹೊಣೆ. ಆ ಖರ್ಚು ಮಾತ್ರ ಅವನ ಜೇಬಿನಿಂದಲೇ ಹೋಗುತ್ತದೆ. ಹೊತ್ತಿಗೆ ಸರಿಯಾಗಿ ಊಟ ತರಿಸಿಕೊಳ್ಳುವ ನಮ್ಮಂಥವರು ಇದನ್ನು ಒಂದು ಸಲವಾದರೂ ಯೋಚಿಸಬೇಕು.

ಪ್ಲೇ ಅಡ್ಜಸ್ಟ್ ಮಾಡಿ ಮೇಸ್ತ್ರಿಯೇ ಓಡಿಸಿ ನೋಡಿದರು. ಟೌನ್‌ಹಾಲ್ ಹತ್ತಿರದ ಫ್ಲೈಓವರಿನ ಏರು ಇಲ್ಲಿನ ಗ್ಯಾರೇಜುಗಳಿಗೆಲ್ಲ ಪರೀಕ್ಷೆಯ ಜಾಗ. ನಾಲ್ಕನೇ ಗಿಯರಿನಲ್ಲಿ ಏರಿಗೆ ಬಿಟ್ಟು ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ನಿನ ಸದ್ದೂ ಗಾಡಿಯ ವೇಗವೂ ಒಟ್ಟಿಗೆ ಏರಬೇಕು. ಹಿಂದಿನ ಸೀಟಿನಲ್ಲಿ ಗಾಡಿಯ ಹುಡುಗನನ್ನೇ ಕೂರಿಸಿಕೊಂಡು ಹೋಗಿದ್ದರು, ಭಾರ ಇದ್ದರೆ ಜಾರಿಕೆ ಬೇಗ ಗೊತ್ತಾಗುತ್ತದೆ ಎಂದು. ವಾಪಸ್ ಬಂದವನೇ ಹುಡುಗ, "ಈಗ ಎಳಿತೈತ್ರಿ" ಅಂದ.

500 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಬಂದು ಪ್ಲೇ ತೋರಿಸಿಕೊಂಡು ಹೋಗು, ಹೊಸ ಪ್ಲೇಟು ಕೂತ ಮೇಲೆ ಸ್ವಲ್ಪ ಬದಲಾಗುತ್ತೆ, ದುಡ್ಡು ಕೊಡಬೇಡ ಎಂದರು ಮೇಸ್ತ್ರಿ. ಹಳೇ ಪ್ಲೇಟುಗಳನ್ನೂ ಸ್ಪ್ರಿಂಗುಗಳನ್ನೂ ಪೇಪರಿನಲ್ಲಿ ಸುತ್ತಿ ಅವನ ಕೈಗೇ ಕೊಟ್ಟರು. ಬದಲಾಯಿಸಿದ್ದು ಏನು ಎಂದು ಗಾಡಿಯವನ ಹತ್ತಿರ ಇರಬೇಕು ಎಂಬುದು ಈ ಗ್ಯಾರೇಜಿನ ಪದ್ಧತಿ. ಎಲ್ಲ ಗ್ಯಾರೇಜಿನಲ್ಲೂ ಕೇಳಿ ಪಡೆಯಬಹುದಾದ ಹಕ್ಕು ಅದು.

ಅವನು ಬ್ಯಾಗು ಏರಿಸಿಕೊಂಡು ಹೊರಡುವಷ್ಟರಲ್ಲಿ ಹೆಂಗಸೊಬ್ಬರು ಸ್ಕೂಟರ್ ತಳ್ಳಿಕೊಂಡು ಬಂದರು. ಪಿಕಪ್ಪೇ ಇಲ್ಲ, ಎಳೆಯುವಾಗ ಗರಗರ ಅನ್ನುತ್ತದೆ ಎಂದರು. ಗಿಯರಿಲ್ಲದ ಸ್ಕೂಟರಿನಲ್ಲಿ ಕೈಯ ಕ್ಲಚ್ಚಿಲ್ಲ, ಒಳಗೆ ಮಾತ್ರ ಇದೆ. ಎಂಜಿನ್ನಿನ ವೇಗ ಏರಿದಾಗ ತಿರುಗುವ ರಭಸಕ್ಕೆ ಕ್ಲಚ್ ಶೂಗಳು ತಾವಾಗಿ ಅಗಲಗೊಂಡು ಬೆಲ್ಲನ್ನು ಹಿಡಿಯುತ್ತವೆ. "ಎಡಗಡೆ ಕವರ್ ಬಿಚ್ಚೋ" ಎಂದು ಮೇಸ್ತ್ರಿ ಹುಡುಗನಿಗೆ ಹೇಳಿ, ಆಕೆಯ ಕಡೆ ತಿರುಗಿದರು. "ಅಮ್ಮಾ, ಒಂದರ್ಧ ಗಂಟೆ ಇದ್ರೆ ಇಲ್ಲೇ ಕೂತ್ಕೊಳ್ಳಿ. ಬೆಲ್ಟಾ, ಶೂನಾ, ಬಿಚ್ಚಿದ ಮೇಲೆ ನಿಮಗೇ ತೋರಿಸಿ ಹೇಳ್ತೀನಿ."